ನಾಲ್ಕು ಹೆಸರಿನ ಒಂದೇ ಕಾರು

ವೀಸಾ ಕಿಟಕಿಯ ಆಚೆ ಕೂತಿದ್ದ ಹೆಣ್ಣುಮಗಳು, ಅಮೆರಿಕದಲ್ಲಿ ಏನೇನು ನೋಡಬೇಕೆಂದಿದ್ದೀರಿ ಎಂದು ಕೇಳಿದಳು. "ಒಂದು ಹಳೇ ಕಾರು" ಅಂದೆ. ಮತ್ತೇನು ಎಂದಳು. "ಮತ್ತೇನಿಲ್ಲ, ಅದೊಂದೇ." ಆಕೆ ಪೆನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡತೊಡಗಿದಳು. ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ಸುಶೀಲ ನನ್ನ ಕಾಲು ತುಳಿದು, ಗಾಜಿನ ತೂತಿನ ಹತ್ತಿರ ಬಾಗಿ, "ನಮ್ ಸ್ನೇಹಿತ್ರ ಮನೆ ಮೇಡಂ. ಅವ್ರ ಹೆಂಡ್ತಿ ತೀರ್ಕೊಂಡವ್ರೆ. ಒಬ್ರೇ ಅವ್ರೆ, ಮಾತಾಡಿಸ್ಕಂಡ್ ಬರಕ್ಕೆ ಹೋಗ್ತಿದೀವಿ" ಅಂದಳು. ದುಭಾಷಿ ಅದನ್ನು ಇಂಗ್ಲಿಷಿಗೆ ತಿರುಗಿಸಿದ ಮೇಲೆ ಆ ಹೆಣ್ಣುಮಗಳ ಮುಖ ಸಡಿಲವಾಯಿತು. ನಾನು ಹೇಳಿದ್ದೂ ನಿಜವೇ, ಸುಶೀಲ ಹೇಳಿದ್ದೂ ನಿಜವೇ. ಎರಡು ನಿಜಗಳಿದ್ದಾಗ ಯಾವುದನ್ನು ಮೊದಲು ಹೇಳಬೇಕು ಅನ್ನುವುದು ನನಗೆ ಇವತ್ತಿಗೂ ಬಂದಿಲ್ಲ, ಅವಳಿಗೆ ಹುಟ್ಟಿನಿಂದಲೇ ಬಂದಿದೆ.

ಆನೇಮಹಲ್

ನಮ್ಮ ಗ್ಯಾರೇಜು ಇರುವುದು ಆನೇಮಹಲಿನಲ್ಲಿ, ಹೆದ್ದಾರಿಗೆ ಮುಖ ಮಾಡಿಕೊಂಡು. ಘಾಟಿ ಹತ್ತಿ ಬಂದ ಗಾಡಿಗಳಿಗೆ ಏನಾದರೂ ಆಗುವುದಿದ್ದರೆ ಸಾಮಾನ್ಯವಾಗಿ ನಮ್ಮ ಆಸುಪಾಸಿನಲ್ಲೇ ಆಗುತ್ತದೆ. ಉಳಿದ ದಿನ ಹಾನುಬಾಳು, ಹೆಗ್ಗದ್ದೆ ಕಡೆಯ ಎಸ್ಟೇಟ್ ಜೀಪುಗಳು ಬರುತ್ತವೆ. ಈ ಜೀಪುಗಳ ಜಾತಕ ಬರೆಯಲು ಕೂತರೆ ಕಷ್ಟ. ಹೆಗ್ಗದ್ದೆಯ ಒಂದು ಜೀಪಿಗೆ ಗೇರ್‌ಬಾಕ್ಸ್ ಒಂದು ಕಂಪನಿಯದು, ಸ್ಟೀರಿಂಗ್ ಇನ್ನೊಂದರದು, ಇಂಜಿನ್ನು ಯಾವುದೋ ಟೆಂಪೋದ್ದು. ಆದರೂ ಕಾಫಿ ಮೂಟೆ ಹೇರಿಕೊಂಡು ಕೆಸರಿನಲ್ಲಿ ಗೊಣಗದೆ ಹತ್ತುತ್ತದೆ. ನನಗೆ ಕೆಲಸ ಕಲಿಸಿದವರು ಆಲೂರಿನ ಮೇಸ್ತ್ರಿ ಚಿಕ್ಕಣ್ಣನವರು. "ಬೋಲ್ಟಿನ ತೂತು ನೋಡ್ಲಾ ಮೊದ್ಲು, ಹೆಸ್ರು ಆಮೇಲೆ ಓದೀಯಂತೆ" ಅನ್ನುತ್ತಿದ್ದರು. ತೂತು ಕೂಡಿದರೆ ಅದು ನಮ್ಮದೇ ಸಾಮಾನು. ಈ ಒಂದು ವಿದ್ಯೆಯ ಮೇಲೆ ಮೂವತ್ತು ವರ್ಷ ಸಂಸಾರ ನಡೆದಿದೆ.

ಮೂರು ವರ್ಷದ ಹಿಂದೆ ಒಂದು ಬಾಡಿಗೆ ಕಾರು ಕ್ಲಚ್ ಕೇಬಲ್ ಕಿತ್ತುಕೊಂಡು ನಮ್ಮ ಮುಂದೆ ನಿಂತಿತು. ಹಿಂದಿನ ಸೀಟಿನಿಂದ ಇಳಿದವರು ಉದ್ದನೆಯ ಒಬ್ಬ ಅಮೆರಿಕದ ಅಜ್ಜ. ಹೆಸರು ರೇ. ಅವರ ಹೆಂಡತಿ ಡಾರ್ಲೀನ್ ಟೀವಿಯಲ್ಲಿ ನಮ್ಮ ಘಾಟಿಯ ರೈಲು ಸೇತುವೆಗಳನ್ನು ನೋಡಿ, ಒಂದು ಸಲ ಹೋಗೋಣ ಅಂದಿದ್ದರಂತೆ. ಹೋಗುವ ಮುಂಚೆ ಆಕೆ ತೀರಿಕೊಂಡರು. ಇವರು ಒಬ್ಬರೇ ಬಂದಿದ್ದರು.

ಆ ಕಾರಿನ ಕೇಬಲ್ ನನ್ನ ಹತ್ತಿರ ಇರಲಿಲ್ಲ. ಬೇರೆ ಕಂಪನಿಯ ಕಾರಿನದು ಇತ್ತು, ಹಾಕಿದೆ, ಸರಿಯಾಗಿ ಕೂತಿತು. ಯಾಕೆಂದರೆ ಅವೆರಡೂ ಒಂದೇ ಕಾರು, ಮುಂದಿನ ಜಾಲರಿ ಮತ್ತು ಹೆಸರು ಮಾತ್ರ ಬೇರೆ. ಇದನ್ನು ಡ್ರೈವರು ಅವರಿಗೆ ಇಂಗ್ಲಿಷಿನಲ್ಲಿ ಹೇಳಿದಾಗ ಅಜ್ಜ ನಗಲು ಶುರುಮಾಡಿದರು. ನಗುತ್ತಾ ನಗುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಆಮೇಲೆ ಹೊರಡದೆ, ಸುಶೀಲ ಕೊಟ್ಟ ಕಾಫಿ ಹಿಡಿದು, ನಮ್ಮ ಬೆಂಚಿನ ಮೇಲೆ ಮೂರು ಗಂಟೆ ಕೂತರು. ಅವರು ಜೀವಮಾನವಿಡೀ ಮಾಡಿದ್ದು ಇದನ್ನೇ ಅಂತೆ. ಕಾರು ಕಾರ್ಖಾನೆಯ ಲೈನಿನಲ್ಲಿ ಮೂವತ್ತೊಂದು ವರ್ಷ ಕಾರುಗಳ ನೆಲ, ಅಂದರೆ ಅಡಿಯ ತಗಡು, ಬೆಸೆಯುವುದು. ಅದೇ ನೆಲದ ಮೇಲೆ ಮುಂದೆ ನಾಲ್ಕು ಹೆಸರಿನ ಕಾರು ಎದ್ದು ನಿಲ್ಲುತ್ತಿದ್ದವು.

ನಮ್ಮ ಎಸ್ಟೇಟುಗಳಲ್ಲಿ ಲೈನ್ ಅಂದರೆ ಕೆಲಸದವರ ಸಾಲುಮನೆ. ಅವರ ಲೈನು ಬೇರೆ, ಅಲ್ಲಿ ಜನ ನಿಂತಿರುತ್ತಾರೆ, ಕಾರು ನಡೆಯುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಇಂಗ್ಲಿಷು ಸ್ಪ್ಯಾನರುಗಳ ನಂಬರಿನಷ್ಟು. ರೇ ಅವರ ಕನ್ನಡ ಕಾಫಿ ಅನ್ನುವ ಒಂದೇ ಮಾತು. ಆದರೂ ನಾವಿಬ್ಬರೂ ಫೋನಿನಲ್ಲಿ ಮೂರು ವರ್ಷ ಮಾತಾಡಿದ್ದೇವೆ. ಅವರು ಹೇಳಿದ್ದು ನನ್ನ ಕಿವಿಗೆ ನಮ್ಮ ಮಾತಿನ ಹಾಗೆಯೇ ಬೀಳುತ್ತಿತ್ತು, ಹಾಗಾಗಿ ಹಾಗೆಯೇ ಬರೆಯುತ್ತೇನೆ. ಸುಶೀಲ ಅಂತೂ ಮೊದಲ ದಿನವೇ ಅವರನ್ನು ರಾಯಣ್ಣ ಮಾಡಿಬಿಟ್ಟಿದ್ದಳು.

ಈ ವರ್ಷ ಬೇಸಿಗೆ ಮುಗಿಯುವಾಗ ಫೋನು ಬಂತು. "ಕಣ್ಣು ಹೋಗ್ತಾ ಐತೆ ನಂಜುಂಡ. ಮನೆ ಮಾರಾಯ್ತು, ಮೊಮ್ಮಗಳ ಮನೆಗೆ ಹೋಗ್ತಿದೀನಿ. ಡಾರ್ಲೀನ್ ಕಾರು ಶೆಡ್ಡಲ್ಲೇ ನಿಂತೈತೆ. ಇಲ್ಲಿಯವ್ರು ಯಾರೂ ಮುಟ್ಟಲ್ಲ ಅಂತಾರೆ. ನಂಗೆ ಕಣ್ಣಿದ್ದಿದ್ರೆ ನಿನ್ನ ಕರೀತಿರ್ಲಿಲ್ಲ." ಟಿಕೆಟ್ಟೂ ಕಳಿಸಿದರು. ಗ್ಯಾರೇಜನ್ನು ತಮ್ಮನಿಗೆ ಒಪ್ಪಿಸಿ ಹೊರಟೆವು.

ವಿಮಾನ ಇಳಿದ ಮೇಲೆ

ನನ್ನ ಪೆಟ್ಟಿಗೆಯಲ್ಲಿ ಸ್ಪ್ಯಾನರು, ರಬ್ಬರ್ ವಾಷರುಗಳ ಡಬ್ಬ. ಸುಶೀಲಳ ಪೆಟ್ಟಿಗೆಯಲ್ಲಿ ಅಕ್ಕಿಹಿಟ್ಟು ಮತ್ತು ಹಿತ್ತಾಳೆಯ ಶಾವಿಗೆ ಒರಳು. ಡೆಟ್ರಾಯಿಟಿನಲ್ಲಿ ಅಧಿಕಾರಿ ನನ್ನ ಸ್ಪ್ಯಾನರುಗಳನ್ನು ನೋಡಿ ಸುಮ್ಮನಾದ. ಒರಳನ್ನು ಮಾತ್ರ ಹೊರಗೆ ತೆಗೆದು, ಬೆಳಕಿಗೆ ಹಿಡಿದು, ಕೆಳಗಿನ ತೂತುಗಳ ಮೂಲಕ ನಮ್ಮನ್ನು ನೋಡಿದ. ಇದೇನು ಅಂತ ಕೇಳಿದ. ಸುಶೀಲ ಗಾಳಿಯಲ್ಲೇ ಹಿಟ್ಟು ತುಂಬಿ, ಕೋಲು ಇಟ್ಟು, ಎರಡೂ ಕೈಯಲ್ಲಿ ಒತ್ತಿ, ಕೆಳಗಿಳಿದ ಎಳೆಯನ್ನು ತಟ್ಟೆಗೆ ಸುತ್ತಿಕೊಂಡು, ಕಾಯಿಹಾಲು ಹುಯ್ದು, ತಿಂದು ತೋರಿಸಿದಳು. ಆತನ ಹಿಂದೆ ಇನ್ನೂ ಇಬ್ಬರು ಬಂದು ನಿಂತು ನೋಡಿದರು. ಒಬ್ಬ ಬಾಯಿನೀರು ನುಂಗಿಕೊಂಡದ್ದು ನನಗೆ ಕಾಣಿಸಿತು. ಬಿಟ್ಟರು.

ಹೊರಗೆ ರೇ ಅವರ ಮೊಮ್ಮಗಳು ಮೇಗನ್ ಕಾಯುತ್ತಿದ್ದಳು. ಆಸ್ಪತ್ರೆಯಲ್ಲಿ ನರ್ಸು. ಕೈಕುಲುಕಿ, ನಮ್ಮ ಪೆಟ್ಟಿಗೆಗಳನ್ನು ತಾನೇ ಎತ್ತಿ ಕಾರಿಗೆ ಹಾಕಿದಳು. ದಾರಿಯಲ್ಲಿ ನನಗೆ ಆಶ್ಚರ್ಯವಾದದ್ದು ಎತ್ತರದ ಕಟ್ಟಡಗಳಲ್ಲ, ಅಡ್ಡರಸ್ತೆಗಳು. ನಾಲ್ಕು ದಾರಿ ಕೂಡುವಲ್ಲಿ, ನಿಲ್ಲಿ ಎಂದು ಬರೆದ ಕೆಂಪು ಹಲಗೆ ಇರುತ್ತದೆ. ಪೊಲೀಸಿಲ್ಲ, ದೀಪವಿಲ್ಲ. ಪ್ರತಿ ಗಾಡಿಯೂ ಪೂರಾ ನಿಂತು, ಮೊದಲು ಬಂದವರನ್ನು ಮೊದಲು ಬಿಟ್ಟು, ಆಮೇಲೆ ಹೊರಡುತ್ತದೆ. ಸುತ್ತ ಎರಡು ಮೈಲಿ ನರಪಿಳ್ಳೆಯಿಲ್ಲದಿದ್ದರೂ ನಿಲ್ಲುತ್ತಾರೆ. ಸುಶೀಲ ಹಿಂದಿನಿಂದ, "ಯಾರಿಗ್ರೀ ಕಾಯ್ತಾವ್ಳೆ ಈ ಮಗಾ?" ಅಂದಳು. "ಯಾರಿಗೂ ಅಲ್ಲ ಕಣೆ, ಹಲಗೆಗೆ" ಅಂದೆ.

ಮೇಗನ್ ದಾರಿಯಲ್ಲೇ ವಿಷಯ ಹೇಳಿದಳು, ಅವಳ ಮಾತೂ ಅಜ್ಜನದರ ಹಾಗೆಯೇ ನನಗೆ ದಕ್ಕಿತು. ಶನಿವಾರ ಮನೆಯ ಕೀಲಿ ಹೊಸಬರಿಗೆ ಕೊಡಬೇಕು. ಶುಕ್ರವಾರ ಸಂಜೆ ನಾಲ್ಕಕ್ಕೆ ಗುಜರಿಯ ಲಾರಿ ಬರುತ್ತದೆ. ಕಾರು ಅಷ್ಟರೊಳಗೆ ಸರಿಯಾದರೆ ಅವಳೇ ಇಟ್ಟುಕೊಂಡು ಓಡಿಸುತ್ತಾಳೆ, ಅವಳ ಮನೆಯ ಮುಂದೆ ಜಾಗವಿದೆ. ಆಗದಿದ್ದರೆ ಲಾರಿಗೆ.

"ಅಜ್ಜಂಗೆ ಇಂಜಿನ್ ಸದ್ದು ಬಂದ್ರೆ ಸಾಕು, ಕಾರು ಬದುಕ್ತು ಅಂತಾನೆ. ನಂಗದು ಸಾಲ್ದು. ಓಡೋದಲ್ಲ ಮುಖ್ಯ, ನಿಲ್ಲೋದು. ನಿಲ್ಲದ ಕಾರಲ್ಲಿ ಅವ್ನನ್ನ ನಾನು ಕೂರಿಸ್ಕಳಲ್ಲ."

ಆಸ್ಪತ್ರೆಯಲ್ಲಿ ಕೆಲಸ ಮಾಡುವವಳ ಮಾತು. ಆ ದಿನ ಸೋಮವಾರ.

ರೇ ಅವರ ಶೆಡ್ಡು

ಅವರು ಬಾಗಿಲಲ್ಲೇ ನಿಂತಿದ್ದರು. ಕಣ್ಣಿನ ನಡುಭಾಗ ಹೋಗಿ ಅಂಚು ಮಾತ್ರ ಉಳಿದಿದ್ದರಿಂದ, ನಮ್ಮನ್ನು ನೋಡಬೇಕಾದರೆ ಮುಖವನ್ನು ಪಕ್ಕಕ್ಕೆ ತಿರುಗಿಸಬೇಕು. ಕೋಳಿ ಕಾಳು ನೋಡುವ ಹಾಗೆ. ಮೊದಲ ದಿನ ನನಗೆ ಯಾರೋ ಆ ಕಡೆ ಬಂದರೇನೋ ಅನ್ನಿಸಿ ನಾನೂ ತಿರುಗಿ ತಿರುಗಿ ನೋಡಿದೆ.

ಕಾರಿನ ಮೇಲೆ ಹೂವಿನ ಬೆಡ್‌ಶೀಟುಗಳನ್ನು ಹೊದಿಸಿದ್ದರು. ತೆಗೆದರೆ ಕೆಳಗೆ ಕಡುಗೆಂಪಿನ, ಮೂಗು ಉದ್ದದ, ನಲವತ್ತು ವರ್ಷದ ಕಾರು. ಬಾಗಿಲು ತೆರೆದಾಗ ಸುಶೀಲ ಸೀಟನ್ನು ಕೈಯಿಂದ ಸವರಿ, ಅತ್ತ ಸವರಿದರೆ ಕಪ್ಪು, ಇತ್ತ ಸವರಿದರೆ ಕೆಂಪು ಆಗುವ ಮಖಮಲ್ಲು ನೋಡಿ ಮತ್ತೆ ಮತ್ತೆ ಸವರಿದಳು.

"ಅವಳೇ ಹೊಲ್ದಿದ್ದು" ಅಂದರು ರೇ. "ಈ ಕಾರಿಂದೇ ಅಲ್ದೆ ಇರ್ಬೋದು. ಆದ್ರೆ ಇಂಥದ್ದು ಅವಳ ಮಿಷನ್ನಿಂದ ದಿನಕ್ಕೆ ಎಷ್ಟೋ ಹೋಗ್ತಿದ್ವು."

ಆಗ ಪೂರ್ತಿ ಕಥೆ ಬಂತು. ಅವರು ನೆಲ ಬೆಸೆಯುವವರು, ಡಾರ್ಲೀನಮ್ಮ ಸೀಟು ಹೊಲಿಯುವವರು, ಒಂದೇ ಕಾರ್ಖಾನೆ. ಕಂಪನಿಗೆ ನಾಲ್ಕು ಹೆಸರುಗಳು. ಯಾವ ಹೆಸರು ಅಂತ ಬರೆಯುವುದಿಲ್ಲ, ಅಲ್ಲಿ ಇವತ್ತಿಗೂ ಅದಕ್ಕೆ ಜಗಳವಾಡುವವರಿದ್ದಾರೆ. ಎಲ್ಲಕ್ಕಿಂತ ಕೆಳಗಿನದು ಕೂಲಿಕಾರರ ಕಾರು. ಅದರ ಮೇಲೆ ಗುಮಾಸ್ತರದು, ಅದರ ಮೇಲೆ ಡಾಕ್ಟರು ವಕೀಲರದು, ಹೀಗೆ. ಹಿಂದೆ ನಾಲ್ಕಕ್ಕೂ ಬೇರೆ ಬೇರೆ ಮೈ, ಬೇರೆ ಇಂಜಿನ್ನು ಇದ್ದವಂತೆ. ಆದರೆ ನೆಲ ಒತ್ತುವ ಅಚ್ಚು ಮಾಡುವುದೇ ದೊಡ್ಡ ಕೆಲಸ. ಒಂದು ಅಚ್ಚು ಮಾಡಿ ನಾಲ್ಕು ಹೆಸರಿಗೂ ಹಂಚಿದರೆ ಕಂಪನಿಗೆ ಎಷ್ಟು ಸಲೀಸು ಎಂದು ಯಾರಿಗೋ ಹೊಳೆಯಿತು. ನೆಲ, ಚಕ್ರಗಳ ನಡುವಿನ ಅಂತರ, ಇಂಜಿನ್ನಿನ ಹಿಂದಿನ ಗೋಡೆ, ಇವೆಲ್ಲ ಒಂದೇ. ಮೇಲೆ ಮೂತಿ ಬೇರೆ, ದೀಪ ಬೇರೆ, ಸೀಟು ಬೇರೆ. ಒಂದೇ ಲೈನಿನಲ್ಲಿ ಕೂಲಿಕಾರನ ಕಾರಿನ ಹಿಂದೆ ಡಾಕ್ಟರ ಕಾರು ನಡೆದು ಬರುತ್ತಿತ್ತು. ರೇ ನಿಂತಲ್ಲಿಂದ ನೋಡಿದರೆ ಎರಡಕ್ಕೂ ವ್ಯತ್ಯಾಸವೇ ಇಲ್ಲ.

"ಅದ್ಕೇ ನಾನು ಕೂಲಿಯವ್ರ ಕಾರು ತಗಂಡೆ. ಅವಳು ಹಟ ಮಾಡಿ ಇದನ್ನ, ಡಾಕ್ಟರ ಕಾರನ್ನ, ತಗಂಡ್ಳು. 'ಅದೇ ನೆಲ ಕಣೆ, ನಾನೇ ಬೆಸ್ದಿರೋದು, ಯಾಕೆ ಸುಮ್ನೆ' ಅಂದೆ. 'ನೀನು ನೆಲದ ಮೇಲೆ ಕೂತ್ಕ, ನಾನು ಸೀಟ್ ಮೇಲೆ ಕೂತ್ಕತೀನಿ' ಅಂದ್ಳು. ಮೂವತ್ತು ವರ್ಷ ಇದೇ ಜಗಳ ನಂಜುಂಡ, ಒಂದಿನಾನೂ ಬೇಜಾರಾಗ್ಲಿಲ್ಲ."

ಸುಶೀಲ ಅಷ್ಟೂ ಹೊತ್ತು ನಾನು ಕನ್ನಡದಲ್ಲಿ ಹೇಳಿದ್ದನ್ನು ಕೇಳಿಸಿಕೊಂಡು, "ಇದ್ರಲ್ಲಿ ಏನೈತ್ರೀ ದೊಡ್ಡ ವಿಷ್ಯ" ಅಂದಳು. "ಒಂದೇ ಅಕ್ಕಿಹಿಟ್ಟು ಬೇಯ್ಸಿ ಉಂಡೆ ಕಟ್ಟಿ, ತಟ್ಟಿದ್ರೆ ರೊಟ್ಟಿ, ಹಬೇಲಿಟ್ರೆ ಕಡುಬು, ಒತ್ತಿದ್ರೆ ಶಾವ್ಗೆ. ರೊಟ್ಟಿ ದಿನಾ ತಿನ್ನಕ್ಕೆ, ಶಾವ್ಗೆ ಅಳಿಯ ಬಂದಾಗ. ಹಿಟ್ಟು ಒಂದೇ ಅಂತ ಅಳಿಯಂಗೆ ರೊಟ್ಟಿ ಇಟ್ಟು ಕಳ್ಸಕ್ಕಾಯ್ತದಾ?"

ನಾನು ಇದನ್ನು ನನ್ನ ಮುರುಕು ಇಂಗ್ಲಿಷಿನಲ್ಲಿ ರೇ ಅವರಿಗೆ ದಾಟಿಸಿದೆ. ಅವರು ಮುಖ ಪಕ್ಕಕ್ಕೆ ತಿರುಗಿಸಿ ಸುಶೀಲಳನ್ನು ತುಂಬ ಹೊತ್ತು ನೋಡಿ, "ಇವಳೂ ಅವಳ ಕಡೆಯವಳೇ" ಅಂದರು.

ಬಿಡಿಭಾಗದ ಅಂಗಡಿ

ಮೊದಲ ಎರಡು ದಿನ ಸಲೀಸಾಗಿ ಹೋದವು. ಟ್ಯಾಂಕ್ ತೊಳೆದೆ, ಕಾರ್ಬ್ಯುರೇಟರ್ ಬಿಚ್ಚಿ ಕಟ್ಟಿದೆ. ಮಂಗಳವಾರ ಮಧ್ಯಾಹ್ನ ಇಂಜಿನ್ನು ಕೆಮ್ಮಿ, ಹೊಗೆ ಕಾರಿ, ನಿಂತು, ಮತ್ತೆ ಹಿಡಿಯಿತು. ರೇ ಬಾನೆಟ್ಟಿನ ಮೇಲೆ ಅಂಗೈ ಇಟ್ಟುಕೊಂಡು ನಿಂತೇ ಇದ್ದರು. ಆ ದೇಶದಲ್ಲಿ ಚಳಿಗಾಲದಲ್ಲಿ ರಸ್ತೆಗೆಲ್ಲ ಉಪ್ಪು ಚೆಲ್ಲುತ್ತಾರೆ, ಮಂಜು ಕರಗಲಿ ಅಂತ. ಮನುಷ್ಯರಿಗೆ ಒಳ್ಳೆಯದು, ಕಬ್ಬಿಣಕ್ಕಲ್ಲ. ನಮ್ಮ ಮಳೆ ಆರು ತಿಂಗಳು ಹುಯ್ದರೂ ಹೀಗೆ ತಿನ್ನುವುದಿಲ್ಲ. ಬ್ರೇಕಿನ ಕೊಳವೆಗಳೆಲ್ಲ ಹಪ್ಪಳವಾಗಿದ್ದವು, ಹೊಸದು ಎಳೆದೆ. ಆದರೆ ಪೆಡಲ್ ಒತ್ತಿದಾಗ ಎಣ್ಣೆಯನ್ನು ನಾಲ್ಕು ಚಕ್ರಕ್ಕೂ ತಳ್ಳುವ ಮಾಸ್ಟರ್ ಸಿಲಿಂಡರು ಇದೆಯಲ್ಲ, ಅದರ ಒಳಗೋಡೆಯನ್ನು ತುಕ್ಕು ತಿಂದುಬಿಟ್ಟಿತ್ತು. ಅದನ್ನು ಬದಲಿಸಲೇಬೇಕು.

ಬುಧವಾರ ಬೆಳಿಗ್ಗೆ ಮೇಗನ್ ನನ್ನನ್ನೂ ರೇ ಅವರನ್ನೂ ಅಂಗಡಿಗೆ ಕರೆದುಕೊಂಡು ಹೋದಳು. ನಮ್ಮಲ್ಲಿ ಇಂಥ ಅಂಗಡಿಗೆ ಹೋದರೆ ಒಂದೇ ಕ್ರಮ, ಕೆಟ್ಟ ತುಂಡನ್ನು ಕೌಂಟರಿನ ಮೇಲೆ ಇಡುವುದು. ಅಂಗಡಿಯವನು ಅದನ್ನು ಕೈಯಲ್ಲಿ ತೂಗಿ, ತಿರುಗಿಸಿ, ಒಳಗೆ ಹೋಗಿ ಅದರ ತಮ್ಮನನ್ನು ತರುತ್ತಾನೆ. ಯಾವ ಗಾಡಿ ಅಂತ ಕೇಳುವುದಿಲ್ಲ. ನಾನು ಹಾಗೆಯೇ ಇಟ್ಟೆ. ಕೌಂಟರಿನಲ್ಲಿದ್ದವನು ಗಾಬರಿಯಾಗಿ ಮೊದಲು ಅದರ ಕೆಳಗೆ ಕಾಗದ ಹಾಸಿದ. ಆಮೇಲೆ ಅದನ್ನು ನೋಡದೆ ಕಂಪ್ಯೂಟರ್ ನೋಡಿಕೊಂಡು, ಯಾವ ವರ್ಷ, ಯಾವ ಕಂಪನಿ, ಯಾವ ಮಾಡೆಲು, ಯಾವ ಇಂಜಿನ್ನು ಎಂದು ಕೇಳುತ್ತಾ ಹೋದ. ರೇ ಹೇಳಿದರು. ಈ ಹೆಸರಿನ ಕಾರಿಗೆ ಇಲ್ಲ ಅಂದ.

"ಹಂಗಾರೆ ಕೂಲಿಯವ್ರ ಹೆಸ್ರಲ್ಲಿ ನೋಡು" ಅಂದರು ರೇ.

ಅವನು ಕಂಪ್ಯೂಟರಿನ ಗುಂಡಿ ಬಡಿದ. ಇದೆ, ಆದರೆ ತರಿಸಬೇಕು, ಮುಂದಿನ ವಾರ.

"ಗುಮಾಸ್ತರ ಹೆಸ್ರಲ್ಲಿ?"

ಅದೂ ಮುಂದಿನ ವಾರವೇ. ಹಿಂದೆ ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸು ಕಂಪ್ಯೂಟರಿನಲ್ಲಿದ್ದ ಚಿತ್ರವನ್ನು ಇಣುಕಿ ನೋಡಿ, ಈ ಕಾರು ನಮ್ಮತ್ತೆಯ ಹತ್ತಿರ ಇತ್ತು ಅಂದಳು. ಹೇಳಿದ್ದು ನಾಲ್ಕನೆಯ ಹೆಸರು. ಅಲ್ಲಿದ್ದಷ್ಟು ದಿನವೂ ಇದೇ. ಕಾರನ್ನು ನೋಡಿದವರೆಲ್ಲ ನಮ್ಮಮ್ಮನದು, ನಮ್ಮ ಮೇಷ್ಟ್ರದು ಅನ್ನುತ್ತಿದ್ದರು, ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಯಾರದೂ ತಪ್ಪಲ್ಲ.

ಗುಜರಿ

ಅಲ್ಲಿಂದ ಸೀದಾ ಗುಜರಿಗೆ. ಗುಜರಿ ಅಂದರೆ ನಮ್ಮ ಹಾಗೆ ರಾಶಿಯಲ್ಲ. ಎಸ್ಟೇಟಿನಲ್ಲಿ ಗಿಡ ನೆಟ್ಟ ಹಾಗೆ ಸಾಲುಸಾಲಾಗಿ ನಿಲ್ಲಿಸಿದ ಸತ್ತ ಕಾರುಗಳು, ನಾವೇ ಹೋಗಿ ಬೇಕಾದ್ದನ್ನು ಬಿಚ್ಚಿಕೊಳ್ಳಬೇಕು. ಮಧ್ಯೆ ಹುಲ್ಲು ಬೆಳೆದಿತ್ತು, ಒಂದು ಕಾರಿನ ಸ್ಟೀರಿಂಗಿನಲ್ಲಿ ಹಕ್ಕಿ ಗೂಡು ಕಟ್ಟಿತ್ತು.

ಹನ್ನೊಂದನೇ ಸಾಲಿನಲ್ಲಿ ಸಿಕ್ಕಿತು. ಕೂಲಿಕಾರರ ಕಾರು, ಬಿಳಿಯದು, ಮೂತಿ ಮೊಂಡ. ನನಗೆ ಅನುಮಾನವಾಯಿತು, ಇದೇನಾ ಅಂದೆ. ರೇ ಬಾಗಿಲು ತೆಗೆದು, ಮಂಡಿಯೂರಿ, ಹರಿದ ಕಾರ್ಪೆಟ್ಟು ಎತ್ತಿ ಕೈ ಹಾಕಿದರು. ಬೆರಳುಗಳು ನೆಲದ ಕಬ್ಬಿಣದ ಮೇಲೆ ಮೆಲ್ಲಗೆ ಹೋದವು, ಅಂಚು ಹಿಡಿದು, ಬೆಸುಗೆಯ ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟುತ್ತಾ. ಹೂವು ಕಟ್ಟುವವರ ಬೆರಳು ಹಾಗೆ ಓಡುವುದನ್ನು ನೋಡಿದ್ದೇನೆ. ಒಂದು ಕಡೆ ನಿಂತವು.

"ನಮ್ ಲೈನಿಂದೇ" ಅಂದರು. "ಈ ಮೂಲೇಲಿ ಎರಡು ಚುಕ್ಕೆ ಹತ್ರತ್ರ ಐತೆ ನೋಡು. ಅಲ್ಲಿ ಕೈ ತಿರುಗ್ಸಕ್ಕೆ ಜಾಗ ಇರ್ಲಿಲ್ಲ. ಎಲ್ರದ್ದೂ ಹಂಗೇ ಬೀಳೋದು."

ನಾನೂ ಕೈ ಹಾಕಿ ಮುಟ್ಟಿದೆ. ಹೌದು, ಎರಡು ಚುಕ್ಕೆ ಒಂದರ ಮಗ್ಗುಲಲ್ಲಿ ಒಂದು. ಅವರು ಎದ್ದೇಳಲು ಸ್ವಲ್ಪ ಹೊತ್ತು ತೆಗೆದುಕೊಂಡರು, ನಾನೂ ಅವಸರ ಮಾಡಲಿಲ್ಲ.

ಮಾಸ್ಟರ್ ಸಿಲಿಂಡರನ್ನು ಬಿಚ್ಚಿದೆ. ಒಳಗೆ ಎಣ್ಣೆ ಉಳಿದಿದ್ದರಿಂದ ಗೋಡೆ ನುಣುಪಾಗಿತ್ತು. ನನ್ನ ಡಬ್ಬದ ರಬ್ಬರುಗಳು ಅದಕ್ಕೆ ಕೂತವು. ಡಾರ್ಲೀನಮ್ಮನ ಕಾರಿಗೆ ಹಿಡಿದರೆ ಬೋಲ್ಟಿನ ತೂತು ಕೂದಲೆಳೆಯಷ್ಟೂ ಆಚೀಚೆಯಿಲ್ಲ. ಚಿಕ್ಕಣ್ಣ ಮೇಸ್ತ್ರಿಗಳನ್ನು ನೆನೆದು ಬಿಗಿದೆ. ಆ ಸಂಜೆ ಎಂಟೂವರೆಗೂ ಅಲ್ಲಿ ಬಿಸಿಲು. ಹಗಲಿನಂಥ ಬೆಳಕಲ್ಲೇ ರಾತ್ರಿಯೂಟ ಮಾಡಿದೆವು. ಸುಶೀಲ ಶಾವಿಗೆ ಒತ್ತಿದಳು, ರೇ ಮೂರು ಸಲ ಹಾಕಿಸಿಕೊಂಡರು.

ಗುರುವಾರ

ಬೆಳಿಗ್ಗೆ ಮೇಗನ್ ಆಸ್ಪತ್ರೆಗೆ ಹೋಗುವ ಮುಂಚೆ, ಒಂದು ಸುತ್ತು ತೋರಿಸಿ ಅಂದಳು. ನಾನು ಓಡಿಸಿದೆ, ಅವಳು ಪಕ್ಕದಲ್ಲಿ. ರೇ ಅಂಗಳದಲ್ಲೇ ನಿಂತರು. ಕಾರು ಚೆನ್ನಾಗಿ ಹೊರಟಿತು. ಮೊದಲನೇ ಹಲಗೆಯ ಮುಂದೆ ನಿಂತಿತು. ಎರಡನೆಯದರ ಮುಂದೆ ನಾನು ಕಾಲಿಡುವ ಮೊದಲೇ ನಿಂತಂತಾಯಿತು. ಆಮೇಲೆ ಹೊರಡಲು ಮನಸ್ಸೇ ಮಾಡಲಿಲ್ಲ. ಆಕ್ಸಿಲರೇಟರ್ ತುಳಿದಷ್ಟೂ ಯಾರೋ ಹಿಂದಿನಿಂದ ಸೆರಗು ಹಿಡಿದ ಹಾಗೆ. ಮುಂದಿನ ಚಕ್ರದಿಂದ ಹೊಗೆ ಎದ್ದಿತು. ಬ್ರೇಕು ಹಿಡಿದದ್ದು ಬಿಡುತ್ತಿರಲಿಲ್ಲ.

ಮೇಗನ್ ಇಳಿದು, ಹೊಗೆಯನ್ನು ನೋಡಿ, ನನ್ನನ್ನು ನೋಡಿ, ಬೈಯಲಿಲ್ಲ. "ತುಂಬ ದೂರದಿಂದ ಬಂದ್ರಿ ನೀವು. ನಿಮ್ ಕೈಲಾದ್ದು ಮಾಡಿದ್ರಿ" ಅಂದಳು. "ನಾಳೆ ಲಾರಿ ಬರ್ಲಿ. ಅಜ್ಜಂಗೆ ನಾನೇ ಹೇಳ್ತೀನಿ." ಬೈದಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ.

ಆದರೆ ಹೇಳುವುದೇನೂ ಉಳಿದಿರಲಿಲ್ಲ. ಕಾರು ಒದ್ದಾಡಿಕೊಂಡು ಅಂಗಳಕ್ಕೆ ಬಂದ ಸದ್ದಿಗೇ ರೇ ಅವರಿಗೆ ತಿಳಿಯಿತು. ಒಳಗೆ ಹೋಗಿ ಕೂತುಬಿಟ್ಟರು. ಸ್ವಲ್ಪ ಹೊತ್ತಾದ ಮೇಲೆ ಮಡಿಸಿಟ್ಟಿದ್ದ ಹೂವಿನ ಬೆಡ್‌ಶೀಟುಗಳನ್ನು ತಂದು, ಬಿಸಿ ಆರದ ಬಾನೆಟ್ಟಿನ ಮೇಲೆ ಹೊದಿಸತೊಡಗಿದರು. ಕಣ್ಣು ಕಾಣದೆ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡವಾಯಿತು. ನಾನು ಸರಿಮಾಡಲೂ ಇಲ್ಲ, ತಡೆಯಲೂ ಇಲ್ಲ.

ಅಡುಗೆಮನೆಗೆ ಹೋಗಿ ಸುಶೀಲಳ ಹತ್ತಿರ ನಿಂತೆ. ಅವಳು ಒರಳು ತೊಳೆಯುತ್ತಿದ್ದಳು.

"ತೂತು ಕೂಡಿತ್ತು ಕಣೆ. ಎಲ್ಲಾ ಕೂಡಿತ್ತು. ಒಳ್ಗಡೆ ಕೋಲು ಯಾಕೋ ಬಿಡ್ತಾ ಇಲ್ಲ."

"ಯಾವ್ ಕೋಲು?"

"ಪೆಡಲ್ ತುಳುದ್ರೆ ಸಿಲಿಂಡರ್ ಹಿಂದಿರೋ ಬೂಸ್ಟರ್ ಡಬ್ಬದಿಂದ ಒಂದು ಕೋಲು ಬಂದು ಸಿಲಿಂಡರ್ ಒಳಗೆ ಒತ್ತುತೈತೆ. ಕಾಲು ತೆಗುದ್ರೆ ವಾಪಸ್ ಹೋಗ್ಬೇಕು."

"ಆ ಕೋಲು ಯಾವ ಕಾರಿಂದು?"

"ಡಾರ್ಲೀನಮ್ಮಂದೇ. ಡಬ್ಬ ಹಳೇದೇ ಬಿಟ್ಟೆ, ಚೆನ್ನಾಗಿತ್ತಲ್ಲ."

ಸುಶೀಲ ಒರಳನ್ನೂ ಅದರ ಕೋಲನ್ನೂ ಎರಡು ಕೈಯಲ್ಲಿ ಹಿಡಿದು ನನ್ನ ಮುಖದ ಮುಂದೆ ತಂದಳು. "ನಿಮ್ ಅಕ್ಕ ಒಂದ್ಸಲ ನಮ್ಮನೆ ಒರಳು ತಗಂಡು ಹೋಗಿ, ಅವರ ಮನೆ ಕೋಲು ಹಾಕಿ ಒತ್ತುಬುಟ್ಟು, ಸಿಕ್ಕಾಕ್ಕಂಡು, ನೀವೇ ಹೋಗಿ ಬಡ್ದು ಬಿಡಿಸ್ಲಿಲ್ವಾ? ಎರಡೂ ನೋಡಕ್ಕೆ ಒಂದೇ. ಒರಳು ತಗಂಡ್ರೆ ಅದರ ಕೋಲೂ ತಗೋಬೇಕು ಕಣ್ರೀ. ಜೋಡಿ ಒಡೀಬಾರ್ದು."

ಆಗ ಹೊಳೆಯಿತು. ಡಾಕ್ಟರ ಕಾರು ಭಾರ, ಪೆಡಲ್ ಮೆತ್ತಗಿರಬೇಕು, ಅದಕ್ಕೆ ಡಬ್ಬ ಬೇರೆ, ಕೋಲಿನ ಅಳತೆ ಬೇರೆ. ಒಂದು ಕಾಳಿನಷ್ಟು ಹೆಚ್ಚು ಉದ್ದವಿದ್ದರೂ ಸಾಕು, ಬ್ರೇಕು ಹಿಡಿದೇ ಇರುತ್ತದೆ. ಕೂಲಿಕಾರರ ಕಾರಿನಿಂದ ನಾನು ಗಂಡನನ್ನು ಮಾತ್ರ ಬಿಚ್ಚಿ ತಂದು ಹೆಂಡತಿಯನ್ನು ಅಲ್ಲೇ ಬಿಟ್ಟಿದ್ದೆ. ಆ ಡಬ್ಬ ಕೂರುವುದು ಇಂಜಿನ್ನಿನ ಹಿಂದಿನ ಗೋಡೆಗೆ. ಗೋಡೆ ನಾಲ್ಕಕ್ಕೂ ಒಂದೇ. ಜೋಡಿಯಾಗಿ ತಂದರೆ ಕೂರಲೇಬೇಕು.

ರೇ ಅವರಿಗೆ ಹೇಳಿದೆ. ಅವರು ಬೆಡ್‌ಶೀಟಿನ ಅಂಚು ಹಿಡಿದೇ ಕೇಳಿಸಿಕೊಂಡರು.

"ನಂಗೆ ಗೊತ್ತಿರ್ಬೇಕಿತ್ತು" ಅಂದರು. "ನಾನು ನೆಲದವನು. ಮೇಲೆ ಏನೇನು ಬೇರೆ ಮಾಡ್ತಾರೆ ಅಂತ ತಲೆ ಎತ್ತಿ ನೋಡ್ಲೇ ಇಲ್ಲ. ಅವಳು ಹೇಳ್ತಾನೇ ಇದ್ಳು, ಎಲ್ಲಾ ಒಂದೇ ಅಲ್ಲ ರೇ, ಎಲ್ಲಾ ಒಂದೇ ಅಲ್ಲ ಅಂತ."

ಕರೆದುಕೊಂಡು ಹೋಗಬೇಕಾದ ಮೇಗನ್ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಗುಜರಿ ಮುಚ್ಚಿತ್ತು, ಆ ದಿನ ಮಧ್ಯಾಹ್ನಕ್ಕೇ.

ಶುಕ್ರವಾರ

ಇನ್ನೊಂದು ಸಲ ನೋಡುತ್ತೇವೆ ಅಂದದ್ದಕ್ಕೆ ಮೇಗನ್ ಒಪ್ಪಿದಳು ಅನ್ನುವುದಕ್ಕಿಂತ ತಡೆಯಲಿಲ್ಲ. ರಜೆ ಹಾಕಿ ಬೆಳಿಗ್ಗೆ ಗುಜರಿಯ ಗೇಟು ತೆಗೆಯುವ ಹೊತ್ತಿಗೆ ನಮ್ಮನ್ನು ಅಲ್ಲಿ ನಿಲ್ಲಿಸಿದಳು. ಬಿಳಿ ಕಾರು ಹನ್ನೊಂದನೇ ಸಾಲಿನಲ್ಲೇ ಇತ್ತು. ಡಬ್ಬದ ಬೋಲ್ಟುಗಳು ಕಾಲಿಡುವ ಜಾಗದಲ್ಲಿ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ. ಮಲಗಿ ಬಿಚ್ಚಬೇಕು. ನನ್ನ ಹೊಟ್ಟೆ ಅಡ್ಡ ಬಂತು. ಮೇಗನ್ ಸ್ಪ್ಯಾನರ್ ಕಿತ್ತುಕೊಂಡು ತಾನೇ ಮಲಗಿದಳು. ನಾನು ಹೊರಗಿನಿಂದ ಹೇಳಿದೆ, ಅವಳು ಒಳಗಿನಿಂದ ತಿರುಗಿಸಿದಳು. ನಾಲ್ಕನೇ ನಟ್ಟು ಬರಲಿಲ್ಲ, ತುಕ್ಕು. ಅರ್ಧ ಗಂಟೆ ಹೋಯಿತು. ಅವಳು ನನಗೆ ಗೊತ್ತಿಲ್ಲದ ಕೆಲವು ಇಂಗ್ಲಿಷ್ ಮಾತು ಆಡಿದಳು. ಅವುಗಳ ಅರ್ಥ ರೇ ಹೇಳಲಿಲ್ಲ, ನಕ್ಕರು. ನಟ್ಟು ಬಂತು.

ಶೆಡ್ಡಿನಲ್ಲಿ ಮಧ್ಯಾಹ್ನ ಎರಡಕ್ಕೆ ಡಬ್ಬ ಗೋಡೆಗೆ ಕೂತಿತು, ಸಿಲಿಂಡರು ಡಬ್ಬಕ್ಕೆ ಕೂತಿತು. ಎಣ್ಣೆ ತುಂಬಿ ಗಾಳಿ ತೆಗೆಯಬೇಕು. ಒಬ್ಬರು ಪೆಡಲ್ ತುಳಿಯಬೇಕು, ಒಬ್ಬರು ಚಕ್ರದ ಹತ್ತಿರ ಸ್ಕ್ರೂ ತಿರುಗಿಸಬೇಕು. ಸುಶೀಲ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಆ ಮಖಮಲ್ಲಿನ ಸೀಟಿನಲ್ಲಿ ಕೂತು ತುಳಿದಳು. "ತುಳಿ" ಅಂದಾಗ ತುಳಿದು, "ಬಿಡು" ಅಂದಾಗ ಬಿಟ್ಟಳು. ನಾಲ್ಕನೇ ಚಕ್ರಕ್ಕೆ ಬರುವಷ್ಟರಲ್ಲಿ ರೇ ಕೂಡ ಕನ್ನಡದಲ್ಲಿ "ತುಳಿ, ಬಿಡು" ಅನ್ನುತ್ತಿದ್ದರು.

ಲಾರಿ ಮೂರೂವರೆಗೇ ಬಂತು. ಅದರಿಂದ ಇಳಿದ ದಪ್ಪ ಮನುಷ್ಯ, ಇದು ನಮ್ಮಮ್ಮನ ಹತ್ತಿರ ಇತ್ತು ಅಂದು ಗುಮಾಸ್ತರ ಹೆಸರು ಹೇಳಿದ. ಯಾರೂ ತಿದ್ದಲಿಲ್ಲ. ಮೇಗನ್ ಅವನಿಗೆ ಹತ್ತು ನಿಮಿಷ ಕಾಯಲು ಹೇಳಿ, ನನ್ನ ಕೈಯಿಂದ ಕೀಲಿ ತೆಗೆದುಕೊಂಡ ಮೇಲೆ, "ನಾನು ಓಡಿಸ್ತೀನಿ. ಮೊದ್ಲು ಒಬ್ಳೇ" ಅಂದಳು.

ಅವಳು ಹೋದಳು. ರಸ್ತೆ ತಿರುವಿನಲ್ಲಿ ಕಾರು ಮರೆಯಾಯಿತು. ನಾವು ಮೂವರೂ, ಲಾರಿಯವನೂ, ಅಂಗಳದಲ್ಲಿ ನಿಂತೆವು. ರೇ ತಲೆ ಬಗ್ಗಿಸಿ ಕಿವಿ ಕೊಟ್ಟಿದ್ದರು. "ಈಗ ಮೊದ್ಲನೇ ಹಲಗೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹೊರಟ್ಳು" ಅಂದರು. ಆಮೇಲೆ ಏನೂ ಕೇಳಿಸಲಿಲ್ಲ. ಸುಶೀಲ ನನ್ನ ತೋಳು ಹಿಡಿದುಕೊಂಡಿದ್ದಳು, ಬೆರಳು ಊರಿದ ಗುರುತು ಬಿತ್ತು.

ಕಾರು ಇನ್ನೊಂದು ಕಡೆಯಿಂದ ಬಂತು. ಮನೆಯ ಮುಂದೆ ಮೆತ್ತಗೆ, ಎಳೆಯದೆ, ಹೊಗೆಯಿಲ್ಲದೆ ನಿಂತಿತು. ಮೇಗನ್ ಇಳಿದು ನಾಲ್ಕೂ ಚಕ್ರಗಳನ್ನು ಕೈಯ ಹಿಂಭಾಗದಿಂದ ಮುಟ್ಟಿ ನೋಡಿದಳು, ಜ್ವರ ನೋಡುವ ಹಾಗೆ. ಆಮೇಲೆ ಲಾರಿಯವನಿಗೆ ಬೇಡ ಎಂದು ತಲೆಯಾಡಿಸಿದಳು. ಅವನು ತನ್ನ ಟೋಪಿ ಎತ್ತಿ ಕಾರಿಗೆ ನಮಸ್ಕಾರ ಮಾಡಿ, ಬಂದ ದಾರಿಯಲ್ಲಿ ಹೋದ.

"ಅಜ್ಜ, ಹತ್ತು" ಅಂದಳು.

ನಾವಿಬ್ಬರೂ ಹಿಂದೆ ಕೂತೆವು, ರೇ ಅವಳ ಪಕ್ಕ. ಮಖಮಲ್ಲಿನ ಮೇಲೆ ಒಂದು ಸಲ ಕೈಯಾಡಿಸಿ, ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ಎರಡು ಬದಿಗೂ ಮುಸುಕಿನ ಜೋಳದ ಹೊಲ. ಮುಂದೆ ನಾಲ್ಕು ದಾರಿ ಕೂಡುವ ಜಾಗ, ಕೆಂಪು ಹಲಗೆ. ಯಾವ ಕಡೆಯಿಂದಲೂ ಯಾರೂ ಬರುತ್ತಿರಲಿಲ್ಲ. ಮೇಗನ್ ನಿಧಾನ ಮಾಡಿದಳು. ಆಗ ನೋಡಿದೆ, ರೇ ಅವರ ಬಲಗಾಲು ಮೆಲ್ಲಗೆ ಮುಂದೆ ಸರಿದು, ತನ್ನ ಮುಂದಿನ ಬರಿಯ ನೆಲವನ್ನು ಬಲವಾಗಿ ಒತ್ತಿತು. ಕಾರು ಹಲಗೆಯ ಎದುರಿಗೆ ಪೂರಾ ನಿಂತಿತು.

"ಅಜ್ಜ, ಬ್ರೇಕ್ ಹಾಕಿದ್ದು ನಾನು" ಅಂದಳು ಮೇಗನ್.

"ನಿಮ್ಮಜ್ಜೀನೂ ಹಿಂಗೇ ಅನ್ನೋಳು" ಅಂದರು ರೇ. ಕಾಲು ತೆಗೆಯಲಿಲ್ಲ.

ಹೊರಡುವ ಅವಸರ ಮೇಗನ್ನಿಗೂ ಇದ್ದಂತೆ ಕಾಣಲಿಲ್ಲ. ಯಾರೂ ಬರದ ಆ ನಾಲ್ಕು ದಾರಿಯ ಮುಂದೆ, ಇಂಜಿನ್ನಿನ ಸಣ್ಣ ಸದ್ದನ್ನು ಕೇಳುತ್ತಾ, ನಾವು ನಾಲ್ವರೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದೆವು.